ಹಳೆಯ ಟೂ-ಸ್ಟ್ರೋಕ್ ಬೈಕು ಹೆದ್ದಾರಿಯಲ್ಲಿ ಎಳೆತ ಕಳೆದುಕೊಂಡಾಗ: ದೋಷ ಹುಡುಕುವ ಕ್ರಮ

ಪೇಟೆಯೊಳಗೆ ಯಾವ ತಕರಾರೂ ಇಲ್ಲದೆ ಓಡುವ ಆರ್‌ಎಕ್ಸ್ 100 ಅಥವಾ ಯೆಜ್ಡಿ, ಸುರತ್ಕಲ್ ದಾಟಿ ಹೆದ್ದಾರಿಯಲ್ಲಿ ಎಕ್ಸಲೇಟರ್ ಪೂರ್ತಿ ತಿರುಗಿಸಿದ ಮೇಲೆ ಉಸಿರು ಕಟ್ಟಿದಂತೆ ಸೋಲುತ್ತದೆ ಎಂಬ ದೂರು ಮಂಗಳೂರು–ಉಡುಪಿ ಕಡೆ ಮಳೆಗಾಲ ಮುಗಿದೊಡನೆ ಕೇಳಿಬರುತ್ತದೆ. ದೂರು ಹಳೆಯದು, ಅದಕ್ಕೆ ಮಾಡುವ ತಪ್ಪೂ ಹಳೆಯದು: ಮೊದಲು ಬೋರ್ ಮಾಡಿಸುವುದು (ಸವೆದ ಸಿಲಿಂಡರನ್ನು ಕೊರೆದು ಅಗಲಿಸಿ ದೊಡ್ಡ ಪಿಸ್ಟನ್ ಹಾಕಿಸುವುದು), ಆಗಲಿಲ್ಲವೆಂದರೆ ಕಾರ್ಬೊರೇಟರ್ ಬದಲಿಸುವುದು, ಅದೂ ಆಗದಿದ್ದರೆ ಸೈಲೆನ್ಸರ್ ತಂದು ಹಾಕುವುದು. ನಾನೂ ಒಮ್ಮೆ ಬ್ಲಾಕ್ (ಸಿಲಿಂಡರ್) ಬಿಚ್ಚಿ, ಹೊಸ ಪಿಸ್ಟನ್ ಹಾಕಿಸಿ, 500 ಕಿಲೋಮೀಟರ್ ನಿಧಾನವಾಗಿ ಓಡಿಸಿದ ಮೇಲೆ ಪಡುಬಿದ್ರಿಯ ಹತ್ತಿರ ಗಾಡಿ ಮತ್ತೆ ಮೊದಲಿನಂತೆಯೇ ನಿಂತಿತು. ಪೆಟ್ರೋಲ್ ಉಂಟೋ ಎಂದು ನೋಡಲು ಮುಚ್ಚಳ ತಿರುಗಿಸಿದಾಗ ಟ್ಯಾಂಕಿನೊಳಗೆ ಗಾಳಿ ‘ಸುಯ್’ ಎಂದು ನುಗ್ಗಿತು. ಮುಚ್ಚಳದ ಗಾಳಿರಂಧ್ರವನ್ನು ಕುಂಬಾರ ಹುಳ ಮಣ್ಣು ಮೆತ್ತಿ ಮುಚ್ಚಿಹಾಕಿತ್ತು.

ಆದ್ದರಿಂದ ಇಲ್ಲಿ ಕೊಟ್ಟಿರುವ ಕ್ರಮ ಟ್ಯಾಂಕಿನ ಮುಚ್ಚಳದ ಕಡೆಯಿಂದ ಹೊರಟು ಪಿಸ್ಟನ್ ಕಡೆಗೆ ಹೋಗುತ್ತದೆ. ಯಾವ ಹಂತವನ್ನೂ ಹಾರಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು.

## ಮೊದಲು ಒಂದು ಎಚ್ಚರಿಕೆ

ಪೂರ್ತಿ ಎಕ್ಸಲೇಟರಿನಲ್ಲಿ ಓಡುತ್ತಿರುವಾಗ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಧಾನವಾದರೆ, ಅಥವಾ ಹೆಡ್ಡಿನ ಕಡೆಯಿಂದ ಗಾಜಿನ ಗೋಲಿಗಳು ಉರುಳಿದಂತಹ ಸದ್ದು ಬಂದರೆ, ಅದು ಕೇವಲ ಎಳೆತ ಕಡಿಮೆಯಾದದ್ದಲ್ಲ, ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಹಿಡಿಯಲು ತೊಡಗಿದ್ದರ ಲಕ್ಷಣ. ತಕ್ಷಣ ಕ್ಲಚ್ ಒತ್ತಿ, ಎಕ್ಸಲೇಟರ್ ಬಿಟ್ಟು, ಗಾಡಿಯನ್ನು ರಸ್ತೆಯ ಅಂಚಿಗೆ ತರಬೇಕು. ಹೆದ್ದಾರಿಯಲ್ಲಿ ಟೂ-ಸ್ಟ್ರೋಕ್ ಓಡಿಸುವಾಗ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಬೇಕೆಂದು ಹಳಬರು ಹೇಳುತ್ತಿದ್ದುದು ಇದಕ್ಕಾಗಿಯೇ. ಎಂಜಿನ್ ಜಾಮ್ ಆದರೆ ಹಿಂದಿನ ಚಕ್ರವೂ ಅದರೊಂದಿಗೆ ನಿಲ್ಲುತ್ತದೆ. ಹೀಗೆ ಒಮ್ಮೆ ಆದ ಗಾಡಿಯನ್ನು ಕಾರಣ ತಿಳಿಯುವವರೆಗೆ ಮತ್ತೆ ವೇಗಕ್ಕೆ ಒಯ್ಯಬಾರದು.

## ಬೇಕಾಗುವ ಸಲಕರಣೆಗಳು

ಪ್ಲಗ್ ಪಾನ, ಸ್ಕ್ರೂಡ್ರೈವರ್‌ಗಳು, 8ರಿಂದ 17ರವರೆಗಿನ ಸ್ಪ್ಯಾನರ್‌ಗಳು, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಮಿಲಿಲೀಟರ್ ಗುರುತಿರುವ ಒಂದು ಪಾರದರ್ಶಕ ಬಾಟಲಿ, ಸರಿಯಾದ ನಂಬರಿನ ಹೊಸ ಪ್ಲಗ್ ಮತ್ತು ಒಂದು ನೋಟ್‌ಬುಕ್ ಸಾಕು. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜನ್ನು ಯಾರಿಂದಲಾದರೂ ಒಂದು ದಿನದ ಮಟ್ಟಿಗೆ ಕೇಳಿ ತರಬಹುದು. ಪ್ಲಗ್ಗಿನ ನಂಬರಿನಲ್ಲಿ ಮೋಸ ಹೋಗುವವರು ಬಹಳ: ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ಹೆಚ್ಚಿದಷ್ಟೂ ಅದು ‘ತಣ್ಣನೆಯ’ (ಬಿಸಿಯನ್ನು ಬೇಗ ಹೊರಗೆ ಬಿಡುವ) ಪ್ಲಗ್, ಬಾಷ್ ಪ್ಲಗ್ಗಿನಲ್ಲಿ ಅಂಕಿ ಕಡಿಮೆಯಾದಷ್ಟೂ ತಣ್ಣನೆಯದು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಗೆಯೇ ಹೋಲಿಸಿ ಕೊಂಡರೆ ಬಿಸಿ ಪ್ಲಗ್ ಕೈಗೆ ಬಂದು, ಹೆದ್ದಾರಿಯಲ್ಲಿ ಪಿಸ್ಟನ್ನಿನ ತಲೆಗೇ ಅಪಾಯವಾದೀತು.

## ಹಂತ 1: ವೇಗವನ್ನಲ್ಲ, ಹೊತ್ತನ್ನು ಗುರುತಿಸುವುದು

‘70ರ ಮೇಲೆ ಹೋಗುವುದಿಲ್ಲ’ ಎಂಬ ವಿವರಣೆಯಿಂದ ದೋಷ ಸಿಗುವುದಿಲ್ಲ. ಸೋಲು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿನಲ್ಲಿ ಗಾಡಿ ಚೇತರಿಸಿಕೊಳ್ಳುತ್ತದೆ ಎಂಬುದರಿಂದ ಸಿಗುತ್ತದೆ. ಈ ಹಂತಕ್ಕೆ ಪಾನವೇ ಬೇಡ, ಆದರೂ ಇದನ್ನು ಸರಿಯಾಗಿ ಮಾಡಿದರೆ ಉಳಿದ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಬೆಳಗ್ಗೆ ವಾಹನಗಳು ವಿರಳವಾಗಿರುವಾಗ, ನೇರವಾಗಿರುವ ಮತ್ತು ಅಡ್ಡರಸ್ತೆಗಳು ಕಡಿಮೆಯಿರುವ ಒಂದು ತುಂಡು ರಸ್ತೆಯನ್ನು ಆರಿಸಿಕೊಂಡು, ವೇಗದ ಮಿತಿಯೊಳಗೇ ಇದ್ದು ಎಂಜಿನ್ ಮೇಲೇರುವಂತೆ ಒಂದು ಗೇರ್ ಕೆಳಗಿಟ್ಟು ಪರೀಕ್ಷೆ ಮಾಡಬೇಕು. ಮೂರನೆಯ ಗೇರಿನಲ್ಲಿ ಸಿಗುವ ಉತ್ತರವೇ ನಾಲ್ಕನೆಯದರಲ್ಲೂ ಸಿಗುತ್ತದೆ. ಎಕ್ಸಲೇಟರ್ ಹಿಡಿಯ ಮೇಲೆ ಬಿಳಿ ಟೇಪಿನಿಂದ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗುರುತು ಹಾಕಿಕೊಳ್ಳಬೇಕು. ನಂತರ ಕಾಣುವ ಲಕ್ಷಣಗಳು ಸಾಮಾನ್ಯವಾಗಿ ಹೀಗಿರುತ್ತವೆ.

ಮೊದಲ ಅರ್ಧ ನಿಮಿಷ ಚೆನ್ನಾಗಿ ಎಳೆದು, ಆಮೇಲೆ ಮೆಲ್ಲನೆ ಸೋತು, ಎಕ್ಸಲೇಟರ್ ಬಿಟ್ಟು ಒಂದಿಷ್ಟು ದೂರ ಹೋದರೆ ಮತ್ತೆ ಎಳೆಯುವ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ. ಕಾರ್ಬೊರೇಟರಿನ ತಳದ ಫ್ಲೋಟ್ ಬಟ್ಟಲಲ್ಲಿ ಹಿಡಿಯುವುದು ಕೆಲವೇ ಚಮಚ. ಅದು ಖಾಲಿಯಾಗುವವರೆಗೆ ಮಾತ್ರ ಓಟ.

ಹದಿನೈದು ಇಪ್ಪತ್ತು ನಿಮಿಷ ಸರಿಯಾಗಿ ಓಡಿ, ಎಂಜಿನ್ ಪೂರ್ತಿ ಕಾದ ಮೇಲೆ ಮಿಸ್ ಹೊಡೆದು, ರಸ್ತೆ ಬದಿಯಲ್ಲಿ ಒಂದು ಚಹಾ ಕುಡಿದು ಬರುವಷ್ಟು ಹೊತ್ತು ತಣಿದ ಮೇಲೆಯೇ ಸರಿಯಾದರೆ, ಸಂಶಯ ಕಿಡಿ ಹುಟ್ಟಿಸುವ ಭಾಗಗಳಾದ ಕಾಯಿಲ್, ಕಂಡೆನ್ಸರ್ ಅಥವಾ ಸಿ.ಡಿ.ಐ. ಕಡೆಗೆ ಹೋಗಬೇಕು.

ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ಒಂದು ಮಟ್ಟದ ಮೇಲೆ ಎಂಜಿನ್ ಏರುವುದೇ ಇಲ್ಲ, ಬಿಸಿಯಾದರೂ ತಣಿದರೂ ಅದೇ ಸ್ಥಿತಿ ಎಂದಾದರೆ ಸೈಲೆನ್ಸರ್, ಏರ್ ಫಿಲ್ಟರ್ ಅಥವಾ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಬೇಕು. ಎಂಜಿನ್ ಸದ್ದು ಏರಿದರೂ ಗಾಡಿ ಏರದಿದ್ದರೆ ಅದು ಕ್ಲಚ್ ಜಾರುವಿಕೆ.

ಹೆಬ್ರಿ ಕಡೆಯವರಿಗೆ ಇನ್ನೊಂದು ಅನುಕೂಲವಿದೆ: ಸೋಮೇಶ್ವರದಿಂದ ಆಗುಂಬೆ ಘಾಟಿ. ಅಲ್ಲಿ ವೇಗ ಕಡಿಮೆ, ಭಾರ ಹೆಚ್ಚು. ಘಾಟಿಯಲ್ಲಿ ಚೆನ್ನಾಗಿ ಹತ್ತಿ ಹೆದ್ದಾರಿಯ ಮೇಲೇರಿದ ಓಟದಲ್ಲಿ ಮಾತ್ರ ಸೋಲುವ ಗಾಡಿಯ ಕಂಪ್ರೆಷನ್ ಮತ್ತು ಕ್ಲಚ್ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ.

## ಹಂತ 2: ಎಂಜಿನ್ನಿನ ಹೊರಗಿನ ಕಳ್ಳರು

ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ, ಎರಡೂ ಡ್ರಮ್ಮುಗಳ ಹತ್ತಿರ ಕೈ ಒಯ್ದು ನೋಡಬೇಕು. ಸುಡುವಷ್ಟು ಬಿಸಿಯಿದ್ದರೆ ಬ್ರೇಕ್ ಹಿಡಿದಿದೆ ಎಂದರ್ಥ. ಕಡಲ ಗಾಳಿಯ ಊರಿನಲ್ಲಿ ಬ್ರೇಕಿನ ಕ್ಯಾಮ್ ತುಕ್ಕು ಹಿಡಿದು ಹಿಂದೆ ಸರಿಯದಿರುವುದು ದಿನನಿತ್ಯದ ಸಂಗತಿ. ಟೈರಿನ ಗಾಳಿ ಮತ್ತು ಚೈನಿನ ಬಿಗಿತವನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಬೇಕು.

ಅನಂತರ ಏರ್ ಫಿಲ್ಟರಿನ ಕೊಳವೆ ಕಳಚಿ, ಎಕ್ಸಲೇಟರ್ ಪೂರ್ತಿ ತಿರುಗಿಸಿ ಕಾರ್ಬೊರೇಟರಿನ ಬಾಯಿಯೊಳಗೆ ಇಣುಕಬೇಕು. ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡ್ ಪೂರ್ತಿ ಮೇಲೇರಿ ದಾರಿ ಬಿಟ್ಟುಕೊಡಬೇಕು. ಕೇಬಲ್ ಹಿಗ್ಗಿ ಸ್ಲೈಡ್ ಮುಕ್ಕಾಲಿಗೇ ನಿಲ್ಲುತ್ತಿದ್ದರೆ ಅಷ್ಟೇ ಶಕ್ತಿ ಸಿಗುವುದು; ಇದನ್ನು ಕಂಡುಹಿಡಿಯಲು ಎರಡು ನಿಮಿಷ ಸಾಕು, ಆದರೂ ನೋಡುವವರು ಕಡಿಮೆ. ಕ್ಲಚ್ ಜಾರುತ್ತಿದ್ದರೆ ಪ್ಲೇಟ್ ಬದಲಿಸುವ ಮೊದಲು ಕೇಬಲ್ಲಿಗೆ ಸಡಿಲವಿದೆಯೇ, ಗೇರ್ ಬಾಕ್ಸಿಗೆ ಕಾರಿನ ಎಂಜಿನ್ ಆಯಿಲ್ ಹಾಕಿದ್ದಾರೆಯೇ ಎಂದು ವಿಚಾರಿಸಬೇಕು.

## ಹಂತ 3: ಪೆಟ್ರೋಲ್ ಬರುವ ದಾರಿ

ಈ ಕರಾವಳಿಯಲ್ಲಿ ಹೆಚ್ಚು ಗಾಡಿಗಳು ಗುಣವಾಗುವುದು ಈ ಹಂತದಲ್ಲಿಯೇ ಎಂಬುದು ನನ್ನ ಅನುಭವ. ಹಾಗಾಗಿ ಇಲ್ಲಿ ಆತುರ ಕೂಡದು.

ಮೊದಲ ಪರೀಕ್ಷೆ ಮುಚ್ಚಳದ್ದು. ಗಾಡಿ ಸೋತ ತಕ್ಷಣ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆಯಬೇಕು. ಗಾಳಿ ಎಳೆದುಕೊಂಡ ಸದ್ದು ಬಂದರೆ, ಅಥವಾ ಮುಚ್ಚಳ ಸಡಿಲಿಸಿ ಓಡಿಸಿದಾಗ ದೋಷ ಮಾಯವಾದರೆ, ಗಾಳಿರಂಧ್ರ ಕಟ್ಟಿದೆ. ಟ್ಯಾಂಕ್ ತುಂಬಿರುವಾಗ ಮಾತ್ರ ಮುಚ್ಚಳ ಸಡಿಲಿಸಿ ಓಡಿಸುವ ಸಾಹಸ ಬೇಡ. ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಚೆಲ್ಲುತ್ತದೆ.

ಎರಡನೆಯದು ಹರಿವಿನ ಅಳತೆ. ಲೆಕ್ಕ ಸರಳವಾಗಿದೆ: ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಲೀಟರಿಗೆ 20 ಕಿಲೋಮೀಟರ್ ಕೊಡುವ ಗಾಡಿ ಗಂಟೆಗೆ 4 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 67 ಮಿಲಿಲೀಟರ್ ಪೆಟ್ರೋಲ್ ಕುಡಿಯುತ್ತದೆ. ಕಾರ್ಬೊರೇಟರಿನಿಂದ ಪೈಪ್ ಕಳಚಿ ಬಾಟಲಿಗೆ ಬಿಟ್ಟು, ಮುಚ್ಚಳ ಹಾಕಿಕೊಂಡೇ ಒಂದು ನಿಮಿಷ ಅಳೆಯಬೇಕು. ಅದರ ಮೂರು ಪಟ್ಟು, ಅಂದರೆ 200 ಮಿಲಿಲೀಟರ್ ಬಂದರೆ ನಿಶ್ಚಿಂತೆ. 100ರ ಹತ್ತಿರ ಬಂದರೆ ಸಂಶಯಪಡಬೇಕು. ಯೆಜ್ಡಿಯಂತಹ 250 ಸಿ.ಸಿ. ಗಾಡಿಗೆ ಬೇಡಿಕೆ ಇನ್ನೂ ಹೆಚ್ಚು. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಬೆಂಕಿಯಿಂದ ದೂರವಿದ್ದು ಈ ಕೆಲಸ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪೈಪಿನ ತುದಿಯಲ್ಲಿ ಹರಿವು ಕಡಿಮೆಯಿದ್ದರೆ ಪೆಟ್ರೋಲ್ ಕಾಕನ್ನು (ಟ್ಯಾಂಕಿನ ಕೆಳಗಿನ ನಲ್ಲಿಯನ್ನು) ಬಿಚ್ಚಿ ಅದರ ಜಾಲರಿ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ನಿಂತ ಗಾಡಿಯ ಟ್ಯಾಂಕಿನ ಖಾಲಿ ಭಾಗ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಆ ಕೆಂಪು ಪುಡಿ ಜಾಲರಿಯನ್ನು ಕಟ್ಟುತ್ತದೆ, ಜಾಲರಿ ಹರಿದಿದ್ದರೆ ಕಾರ್ಬೊರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಜೆಟ್ಟಿನವರೆಗೂ ಹೋಗುತ್ತದೆ. ಮಳೆಗಾಲಕ್ಕೆ ಮುನ್ನ ಟ್ಯಾಂಕ್ ಪೂರ್ತಿ ತುಂಬಿಸಬೇಕು, ಇಲ್ಲವೇ ಪೂರ್ತಿ ಖಾಲಿ ಮಾಡಿ ಒಳಗೆ ಎಣ್ಣೆ ಸವರಬೇಕು. ಅರ್ಧ ಬಿಡುವುದೇ ತಪ್ಪು.

ಅಳೆದ ಪೆಟ್ರೋಲನ್ನು ಬಾಟಲಿಯಲ್ಲೇ ಕಾಲು ಗಂಟೆ ಇಟ್ಟು ತಳ ನೋಡಬೇಕು. ಈಗ ಬಂಕುಗಳಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಸ್ವಲ್ಪ ಮಟ್ಟಿಗೆ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಬೇಕೇ ಹೊರತು ಹೊಸ ಪೆಟ್ರೋಲ್ ಸುರಿದು ತೆಳುವಾಗಿಸಬಾರದು.

## ಹಂತ 4: ಕಾರ್ಬೊರೇಟರ್ ಮತ್ತು ಮೇನ್ ಜೆಟ್

ಎಕ್ಸಲೇಟರ್ ಹಿಡಿಯ ಮೇಲಿನ ಟೇಪಿನ ಗುರುತು ಈಗ ಕೆಲಸಕ್ಕೆ ಬರುತ್ತದೆ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಪೆಟ್ರೋಲ್ ಪ್ರಮಾಣವನ್ನು ಮುಖ್ಯವಾಗಿ ಸ್ಲೈಡಿಗೆ ತೂಗುವ ಸೂಜಿ, ಅಂದರೆ ನೀಡಲ್ ನಿಯಂತ್ರಿಸುತ್ತದೆ. ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್. ಐಡಲ್ ಸ್ಕ್ರೂ ತಿರುಗಿಸಿ ಹೆದ್ದಾರಿಯ ದೋಷ ಸರಿಪಡಿಸಲು ಹೊರಡುವುದು ವ್ಯರ್ಥ ಶ್ರಮ.

ಪೂರ್ತಿ ಎಕ್ಸಲೇಟರಿನಲ್ಲಿ ಗಾಡಿ ಸೋಲುತ್ತಿರುವಾಗ ಹಿಡಿಯನ್ನು ಮುಕ್ಕಾಲಿಗೆ ಇಳಿಸಿ ನೋಡಬೇಕು. ಇಳಿಸಿದೊಡನೆ ಗಾಡಿ ಚುರುಕಾದರೆ ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲ. ಬದಲಾಗಿ ಮೇಲಿನ ಓಟದಲ್ಲಿ ‘ಗೊರಗೊರ’ ಎಂದು ತೊದಲುತ್ತ, ದಟ್ಟ ಹೊಗೆ ಬಿಡುತ್ತ ಹೋದರೆ ಮಿಶ್ರಣ ರಿಚ್ ಆಗಿದೆ. ಲೀನ್ ಗಾಡಿ ಪಿಸ್ಟನ್ ತಿನ್ನುತ್ತದೆ, ರಿಚ್ ಗಾಡಿ ಪೆಟ್ರೋಲ್ ಮಾತ್ರ ತಿನ್ನುತ್ತದೆ. ಸಂಶಯವಿದ್ದಾಗ ರಿಚ್ ಕಡೆಗೇ ವಾಲುವುದು ಕ್ಷೇಮ.

ಕಾರ್ಬೊರೇಟರ್ ಬಿಚ್ಚಿ ಮೇನ್ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಪೆಟ್ರೋಲ್ ಮತ್ತು ಗಾಳಿಯಿಂದ ಮಾತ್ರ ಸ್ವಚ್ಛಗೊಳಿಸಬೇಕು. ತಂತಿ ತೂರಿಸಿ ಚುಚ್ಚಿದರೆ ಹಿತ್ತಾಳೆಯ ರಂಧ್ರ ಹಿಗ್ಗಿ, ಜೆಟ್ಟಿನ ಮೇಲಿನ ನಂಬರಿಗೆ ಅರ್ಥವೇ ಉಳಿಯುವುದಿಲ್ಲ. ಫ್ಲೋಟ್ ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಅಂಟದೆ ಸಲೀಸಾಗಿ ಆಡಬೇಕು, ಫ್ಲೋಟ್ ಎತ್ತರ ಕೈಪಿಡಿಯ ಅಳತೆಗೆ ಇರಬೇಕು.

ಎಥನಾಲ್ ಇಲ್ಲಿ ಇನ್ನೊಂದು ರೀತಿಯಲ್ಲಿ ತೊಡಕಾಗುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಹಾಗಾಗಿ ಗಾಡಿ ತಯಾರಾದಾಗ ಶುದ್ಧ ಪೆಟ್ರೋಲಿಗೆಂದು ಆರಿಸಿದ ಜೆಟ್ ಇಂದಿನ ಇಂಧನದಲ್ಲಿ ತುಸು ಲೀನ್ ಆಗಿಯೇ ನಡೆಯುತ್ತದೆ. ಮುಂದೆ ಹೇಳುವ ಪ್ಲಗ್ ಪರೀಕ್ಷೆಯೂ ಲೀನ್ ಎಂದರೆ, ಮೇನ್ ಜೆಟ್ಟನ್ನು ಒಂದು ನಂಬರ್ ಏರಿಸಬಹುದು. ಪೆಟ್ರೋಲಿಗೇ 2ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸುವ ಗಾಡಿಯವರು ‘ಕ್ಷೇಮಕ್ಕಿರಲಿ’ ಎಂದು ಆಯಿಲ್ ಹೆಚ್ಚು ಸುರಿಯುವುದುಂಟು. ಜೆಟ್ಟಿನಲ್ಲಿ ಆಯಿಲ್ ಹಿಡಿದ ಜಾಗದಷ್ಟು ಪೆಟ್ರೋಲ್ ಕಡಿಮೆಯಾಗುವುದರಿಂದ ಅದೂ ಲೀನ್ ಕಡೆಗೇ ಒಯ್ಯುತ್ತದೆ.

ಏರ್ ಫಿಲ್ಟರ್ ತೆಗೆದು ಓಡಿಸಿ ನೋಡುವ ರೂಢಿಯನ್ನು ಬಿಡಬೇಕು. ಫಿಲ್ಟರ್ ಇಲ್ಲದಾಗ ಗಾಳಿ ಹೆಚ್ಚಿ ಮಿಶ್ರಣ ಮತ್ತಷ್ಟು ಲೀನ್ ಆಗುತ್ತದೆ. ಫೋಮ್ ಪುಡಿಯಾಗಿದ್ದರೆ ಹೊಸದು ಹಾಕಬೇಕು, ಕೊಳೆಯಾಗಿದ್ದರೆ ತೊಳೆದು ಒಣಗಿಸಿ ಎಣ್ಣೆ ಸವರಿ ಹಿಂಡಿ ಹಾಕಬೇಕು.

## ಹಂತ 5: ಪ್ಲಗ್ ಓದುವುದು

ಪೇಟೆಯಲ್ಲಿ ತಿರುಗಾಡಿ ಮನೆಗೆ ಬಂದು ಬಿಚ್ಚಿದ ಪ್ಲಗ್ ಐಡಲ್ ಓಟದ ಕಥೆಯನ್ನಷ್ಟೇ ಹೇಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಹೊಸ ಪ್ಲಗ್ ಹಾಕಿ, ಆರಿಸಿಕೊಂಡ ರಸ್ತೆಯಲ್ಲಿ ಪೂರ್ತಿ ಎಕ್ಸಲೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಎಕ್ಸಲೇಟರ್ ಇಳಿಸುವ ಮೊದಲೇ ಎಂಜಿನ್ ಆಫ್ ಮಾಡಿ, ಅದೇ ಕ್ಷಣ ಕ್ಲಚ್ ಒತ್ತಿ, ಗಾಡಿಯನ್ನು ಹಾಗೆಯೇ ಬದಿಗೆ ಜಾರಿಸಿ ನಿಲ್ಲಿಸಬೇಕು. ಹಿಂದೆ ವಾಹನ ಬರುತ್ತಿದ್ದರೆ ಈ ಪ್ರಯೋಗ ಸಲ್ಲದು.

ಪ್ಲಗ್ಗಿನ ತುದಿಯ ಬಣ್ಣಕ್ಕಿಂತ ಪಿಂಗಾಣಿಯ ಬುಡದಲ್ಲಿ ಕಾಣುವ ಉಂಗುರದಂತಹ ಗುರುತು ಮುಖ್ಯ. ಅಲ್ಲಿ ತಿಳಿ ಕಂದು ಉಂಗುರ ಕಂಡರೆ ಸರಿ. ಸುಣ್ಣದಂತೆ ಬಿಳಿಯಾಗಿದ್ದರೆ ಲೀನ್. ಮಸಿಯಂತೆ ಕಪ್ಪಾಗಿದ್ದರೆ ರಿಚ್. ಪಿಂಗಾಣಿಯ ಮೇಲೆ ಬೆಳ್ಳಿಯ ಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಆಮೇಲೆ ಗಾಡಿಯನ್ನು ತಳ್ಳಿಕೊಂಡೋ ಟೆಂಪೋದಲ್ಲೋ ಮನೆಗೆ ತರುವುದು ಅಗ್ಗ.

## ಹಂತ 6: ಸೈಲೆನ್ಸರ್ ಮತ್ತು ಎಕ್ಸಾಸ್ಟ್ ಪೋರ್ಟ್

ಟೂ-ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಸದ್ದು ಅಡಗಿಸುವ ಡಬ್ಬಿಯಷ್ಟೇ ಅಲ್ಲ. ಅದರೊಳಗೆ ಹಿಂದಿರುಗುವ ಒತ್ತಡದ ಅಲೆ, ಹೊರಹೋಗುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮತ್ತೆ ತಳ್ಳುತ್ತದೆ; ಆ ಅಲೆ ಹೊತ್ತಿಗೆ ಸರಿಯಾಗಿ ಬರುವುದು ಒಂದು ನಿರ್ದಿಷ್ಟ ಓಟದಲ್ಲಿ ಮಾತ್ರ. ಆದ್ದರಿಂದಲೇ ಮಸಿ ಕಟ್ಟಿದರೂ, ತುಕ್ಕಿನಿಂದ ತೂತು ಬಿದ್ದರೂ, ಅಳತೆ ತಪ್ಪಿದ ನಕಲಿ ಸೈಲೆನ್ಸರ್ ಹಾಕಿದರೂ ಪೇಟೆಯಲ್ಲಿ ಏನೂ ಗೊತ್ತಾಗದೆ ಹೆದ್ದಾರಿಯಲ್ಲಿ ಮಾತ್ರ ಎಳೆತ ಹೋಗುತ್ತದೆ.

ಹಿಂದಿನ ಸ್ಕ್ರೂ ತೆಗೆದು ಬ್ಯಾಫಲ್ ಕೊಳವೆಯನ್ನು ಎಳೆದು ನೋಡಬೇಕು. ತೂತುಗಳು ಟಾರಿನಂತಹ ಮಸಿಯಿಂದ ಮುಚ್ಚಿದ್ದರೆ ಕೆರೆದು ಸುಟ್ಟು ತೆಗೆಯಬಹುದು, ಅಥವಾ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಬಹುದು. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕೈಗವಸು ಮತ್ತು ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಭಾಗಗಳಿಗೆ ಈ ದ್ರಾವಣ ತಾಗಲೇಬಾರದು, ಅದನ್ನು ಕರಗಿಸಿಬಿಡುತ್ತದೆ.

ಬೆಂಡ್ ಪೈಪ್ ತೆಗೆದರೆ ಸಿಲಿಂಡರಿನಿಂದ ಹೊಗೆ ಹೊರಬರುವ ಬಾಯಿ, ಅಂದರೆ ಎಕ್ಸಾಸ್ಟ್ ಪೋರ್ಟ್ ಕಾಣುತ್ತದೆ. ಕಿಕ್ಕರನ್ನು ಮೆಲ್ಲನೆ ಒತ್ತಿ ಪಿಸ್ಟನ್ ಮೇಲೇರಿ ಪೋರ್ಟನ್ನು ಮುಚ್ಚುವಂತೆ ನಿಲ್ಲಿಸಿ, ಬಿದಿರಿನ ಚಕ್ಕೆಯಿಂದ ಮಸಿ ಕೆರೆಯಬೇಕು. ಉಕ್ಕಿನ ಸ್ಕ್ರೂಡ್ರೈವರ್ ಪಿಸ್ಟನ್ನಿಗೆ ಗೀರು ಹಾಕುತ್ತದೆ. ಕೆರೆಯುವ ಮೊದಲು ಪೋರ್ಟಿನ ಮೂಲಕ ಕಾಣುವ ಪಿಸ್ಟನ್ನಿನ ಮೈಯನ್ನು ಟಾರ್ಚ್ ಹಾಕಿ ನೋಡಲೂಬಹುದು: ಉದ್ದುದ್ದ ಗೀರುಗಳು ಕಂಡರೆ ಎಂಜಿನ್ ಹಿಂದೊಮ್ಮೆ ಹಿಡಿದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

## ಹಂತ 7: ಕಿಡಿ

ಆರ್‌ಎಕ್ಸ್ 100 ತನ್ನ ಪೂರ್ತಿ ಶಕ್ತಿ ಕೊಡುವ 7500 ಆರ್‌ಪಿಎಂನಲ್ಲಿ ಪ್ಲಗ್ ಸೆಕೆಂಡಿಗೆ 125 ಸಲ ಕಿಡಿ ಹಾರಿಸಬೇಕು. ಕಿಕ್ ಹೊಡೆದಾಗ ನೀಲಿ ಕಿಡಿ ಕಂಡಿತೆಂದು ಇಗ್ನಿಷನ್ ಸರಿಯಿದೆ ಎಂದು ತೀರ್ಮಾನಿಸುವುದು ಆದ್ದರಿಂದಲೇ ಸಲ್ಲ. ಪೆಟ್ರೋಲ್ ಸಾಲದ ಗಾಡಿ ಮೆಲ್ಲನೆ ಸೋಲುತ್ತದೆ. ಕಿಡಿ ತಪ್ಪುವ ಗಾಡಿ ಕತ್ತರಿಸಿದಂತೆ ಸೋಲುತ್ತದೆ, ಸೈಲೆನ್ಸರಿನಿಂದ ಪಟಾಕಿಯಂತೆ ಸದ್ದೂ ಬರಬಹುದು.

ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್ ಇರುವ ಗಾಡಿಯಲ್ಲಿ ಪಾಯಿಂಟಿನ ಮುಖ ಸುಟ್ಟು ಗುಂಡಿ ಬಿದ್ದಿದ್ದರೆ ಕಂಡೆನ್ಸರನ್ನೂ ಸೇರಿಸಿ ಬದಲಿಸಬೇಕು. ಗ್ಯಾಪ್ ಸಾಮಾನ್ಯವಾಗಿ 0.3ರಿಂದ 0.4 ಮಿಲಿಮೀಟರ್. ಗ್ಯಾಪ್ ಬದಲಿಸಿದರೆ ಟೈಮಿಂಗೂ ಬದಲಾಗುವುದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಇದೇ ಕ್ರಮ. ಟೈಮಿಂಗ್ ಹಿಂದೆ ಬಿದ್ದರೆ ಗಾಡಿ ಮಂದವಾಗಿ ಬೆಂಡ್ ಪೈಪ್ ಅತಿಯಾಗಿ ಕಾಯುತ್ತದೆ. ಮುಂದೆ ಹೋದರೆ ಹೆಡ್ ಬಡಿಯುತ್ತದೆ. ಪ್ಲಗ್ ಕ್ಯಾಪಿನೊಳಗೆ ಹಸಿರು ಕಿಲುಬು ಇದೆಯೇ, ಕಾಯಿಲಿನ ಅರ್ತ್ ತಂತಿಯ ಬುಡ ತುಕ್ಕು ಹಿಡಿದಿದೆಯೇ ಎಂದು ಮಲ್ಪೆ, ಉಳ್ಳಾಲದಂತಹ ಕಡಲಂಚಿನ ಊರಿನವರು ಎಲ್ಲಕ್ಕಿಂತ ಮೊದಲೇ ನೋಡುವುದು ಒಳ್ಳೆಯದು.

## ಹಂತ 8: ಗಾಳಿ ಸೋರಿಕೆ ಮತ್ತು ಕ್ರ್ಯಾಂಕ್ ಸೀಲ್

ಎಕ್ಸಲೇಟರ್ ಬಿಟ್ಟರೂ ಎಂಜಿನ್ ತಕ್ಷಣ ಇಳಿಯದೆ ಮೇಲೆಯೇ ತೂಗಾಡಿದರೆ ಎಲ್ಲಿಂದಲೋ ಹೆಚ್ಚುವರಿ ಗಾಳಿ ನುಗ್ಗುತ್ತಿದೆ. ಕಾರ್ಬೊರೇಟರ್ ಮತ್ತು ಬ್ಲಾಕಿನ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು, ಮ್ಯಾಗ್ನೆಟ್ ಬದಿಯಲ್ಲಿ ಕ್ರ್ಯಾಂಕಿನ ಸುತ್ತ ಇರುವ ರಬ್ಬರ್ ಸೀಲ್ ಗಟ್ಟಿಯಾಗಿರಬಹುದು. ಕ್ಲಚ್ ಬದಿಯ ಸೀಲ್ ಹೋದರೆ ಲಕ್ಷಣ ಬೇರೆ: ಗೇರ್ ಆಯಿಲ್ ಸೋರದೆಯೇ ಕಡಿಮೆಯಾಗುತ್ತದೆ, ಹೊಗೆ ನಿಲ್ಲುವುದೇ ಇಲ್ಲ. ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ರೀಡ್ ವಾಲ್ವ್ ಇರುವ ಗಾಡಿಯಲ್ಲಿ ಅದರ ಎಲೆಗಳ ತುದಿ ಒಡೆದಿದೆಯೇ, ಬೆಳಕು ತೂರುವಷ್ಟು ಎದ್ದಿದೆಯೇ ನೋಡಬೇಕು. ಯೆಜ್ಡಿಗೆ ಈ ವಾಲ್ವ್ ಇಲ್ಲ.

ಓಡುತ್ತಿರುವ ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸಿ ಸೋರಿಕೆ ಹುಡುಕುವವರನ್ನು ನೋಡಿದ್ದೇನೆ. ಅದು ಗಾಡಿಗೆ ಬೆಂಕಿ ಹಚ್ಚುವ ವಿಧಾನ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಿ, ಸೈಕಲ್ ಪಂಪಿನಿಂದ ಸುಮಾರು 6 ಪಿ.ಎಸ್.ಐ. ಒತ್ತಡ ಕೊಟ್ಟು, ಸಂದುಗಳಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆಗಳೇ ಜಾಗ ತೋರಿಸುತ್ತವೆ. ಹೆಚ್ಚು ಒತ್ತಡ ಕೊಟ್ಟರೆ ಒಳ್ಳೆಯ ಸೀಲೂ ಕಿತ್ತುಬರುತ್ತದೆ.

## ಹಂತ 9: ಕಂಪ್ರೆಷನ್, ಕೊನೆಗೆ ಬ್ಲಾಕ್

ಎಂಜಿನ್ ಬಿಸಿಯಿರುವಾಗ, ಎಕ್ಸಲೇಟರ್ ಪೂರ್ತಿ ತೆರೆದು, ಐದಾರು ಕಿಕ್ ಹೊಡೆದು ಗೇಜ್ ಓದಬೇಕು. ಎಕ್ಸಲೇಟರ್ ಮುಚ್ಚಿ ಅಳೆದರೆ ಒಳ್ಳೆಯ ಎಂಜಿನ್ನೂ ಸತ್ತಂತೆ ತೋರುತ್ತದೆ. 100 ಪಿ.ಎಸ್.ಐ.ಗಿಂತ ಗಣನೀಯವಾಗಿ ಕೆಳಗಿದ್ದರೆ ಮಾತ್ರ ಬ್ಲಾಕ್ ಎತ್ತುವ ವಿಚಾರ. ಎತ್ತುವಾಗ ಬ್ಲಾಕನ್ನು ತಿರುಚಬಾರದು, ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ರಿಂಗನ್ನು ಬೋರಿನೊಳಗೆ ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು ಕೈಪಿಡಿಯೊಂದಿಗೆ ಹೋಲಿಸಬೇಕು. ಬೋರಿನಲ್ಲಿ ಗೀರಿಲ್ಲದೆ ಸಂದು ಮಾತ್ರ ಹೆಚ್ಚಿದ್ದರೆ ಹೊಸ ರಿಂಗಿನಲ್ಲೇ ಕೆಲಸ ಮುಗಿಯಬಹುದು.

ಬೋರ್ ಮಾಡಿಸಲೇಬೇಕಾಗಿ ಬಂದರೆ, ಹಳೆಯ ಪಿಸ್ಟನ್ ಏಕೆ ಹಾಳಾಯಿತೆಂಬುದಕ್ಕೆ ಹಂತ 3ರಿಂದ 8ರ ನಡುವೆ ಎಲ್ಲೋ ಉತ್ತರ ಸಿಕ್ಕಿರಲೇಬೇಕು. ಸಿಕ್ಕಿಲ್ಲವಾದರೆ ಹೊಸ ಪಿಸ್ಟನ್ ಹಾಕುವ ಮುನ್ನ ಸೀಲಿನ ಒತ್ತಡ ಪರೀಕ್ಷೆಯನ್ನೂ ಪೆಟ್ರೋಲ್ ಹರಿವಿನ ಅಳತೆಯನ್ನೂ ಇನ್ನೊಮ್ಮೆ ಮಾಡಿ, ಆಯಿಲ್ ಪಂಪ್ ಇರುವ ಗಾಡಿಯಲ್ಲಿ ಪಂಪಿನ ಕೇಬಲ್ ಗುರುತಿಗೆ ಸರಿಯಾಗಿ ನಿಂತಿದೆಯೇ ಎಂದು ನೋಡಿ, ಆಮೇಲೆ ಬ್ಲಾಕನ್ನು ಲೇತ್‌ಗೆ ಒಯ್ಯಬೇಕು.